ರೇಖೆಗೆ ಬಣ್ಣ, ಬಣ್ಣಕ್ಕೆ ಎಲ್ಲೆ

ಮೈಸೂರಿನ ಅಶೋಕಪುರಂ ರೈಲು ನಿಲ್ದಾಣಕ್ಕೆ ಅನತಿದೂರದಲ್ಲಿ ನಿವೃತ್ತ ಗಣಿತೋಪಾಧ್ಯಾಯರೊಬ್ಬರ ಮನೆಯಿದೆ. ನಕ್ಷೆಯಲ್ಲಿ ಬೇಕಾದ ಭಾಗವನ್ನು ಮಾತ್ರ ಕೆಂಪು ಸೀಮೆಸುಣ್ಣದಿಂದ ತೀಡಿ ತೋರಿಸುವುದು ಅವರ ಬೋಧನಕ್ರಮವಾಗಿತ್ತು. ಒಂದು ಸಂಜೆ, ಪ್ರಥಮ ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳು ಉತ್ತರಪತ್ರಿಕೆಯನ್ನು ಮುಂದಿಟ್ಟು, “ತಾತ, ನನಗೆ ಗಣಿತ ಬೇಡ, ಕಲಾ ವಿಭಾಗಕ್ಕೆ ಸೇರಿಬಿಡುತ್ತೇನೆ” ಎಂದಳು. ಕಣ್ಣಂಚು ಒದ್ದೆಯಾಗಿತ್ತು.

ಪ್ರಶ್ನೆ ಇಷ್ಟೆ: ಎಕ್ಸ್‌ನ ವರ್ಗದಿಂದ 4 ಎಕ್ಸ್ ಕಳೆದು 3 ಕೂಡಿಸಿದಾಗ ಬರುವ ಬೆಲೆ ಸೊನ್ನೆಗಿಂತ ಕಡಿಮೆಯಾಗುವುದು ಯಾವಾಗ? ಅಪವರ್ತನ ಸರಿಯಾಗಿತ್ತು, 1 ಮತ್ತು 3 ಎಂಬ ಶೂನ್ಯತೆಗಳೂ ಸರಿಯಾಗಿದ್ದವು. ಆದರೆ ‘ಎಕ್ಸ್ 1ಕ್ಕಿಂತಲೂ ಕಡಿಮೆ, 3ಕ್ಕಿಂತಲೂ ಕಡಿಮೆ’ ಎಂದು ಮುಗಿಸಿದ್ದಳು.

ಹಿರಿಯರು ತಪ್ಪನ್ನು ಹೇಳಲಿಲ್ಲ. “ನಿನ್ನ ಉತ್ತರಕ್ಕೆ ಬಣ್ಣ ಹಚ್ಚಿ ತೋರಿಸಮ್ಮ” ಎಂದರು.

ಅವಳು ಗಣಕಯಂತ್ರದಲ್ಲಿ ಜಿಯೋಜೀಬ್ರಾವನ್ನು ತೆರೆದಳು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ತಂತ್ರಾಂಶವದು. ಅದರಲ್ಲಿ ಫಲನವೊಂದಕ್ಕೆ ಬಣ್ಣ ಕೊಟ್ಟರೆ ಇಡೀ ರೇಖೆಯೇ ಆ ಬಣ್ಣವನ್ನು ತಳೆಯುತ್ತದೆ. ಒಂದು ಭಾಗ ಮಾತ್ರ ಕೆಂಪಾಗಬೇಕಾದರೆ, ಅದೇ ಫಲನವನ್ನು ‘ಇಫ್’ ಎಂಬ ಆದೇಶದೊಳಗೆ ನಿಬಂಧನೆ ಸಹಿತ ಮತ್ತೊಮ್ಮೆ ಬರೆದು, ಆ ಎರಡನೆಯ ರೇಖೆಗೆ ಕೆಂಪನ್ನೂ ತುಸು ದಪ್ಪವನ್ನೂ ಕೊಡಬೇಕು. ಮೊದಲಿನ ರೇಖೆ ಅಡಿಯಲ್ಲಿ ಹಾಗೆಯೇ ಉಳಿಯುತ್ತದೆ.

ತನ್ನ ಉತ್ತರವನ್ನೇ ನಿಬಂಧನೆಯಾಗಿ ಬರೆದಾಗ ಪರವಲಯದ ಎಡತೋಳು ಕೆಂಪಾಯಿತು. ಅದು ಅಕ್ಷದ ಮೇಲಿತ್ತು! ಸೊನ್ನೆಗಿಂತ ಕಡಿಮೆ ಎಂದ ಮೇಲೆ ಕೆಂಪು ಕೆಳಗಿರಬೇಡವೆ? ಹುಡುಗಿ ಬಹಳ ಹೊತ್ತು ಮೌನವಾಗಿ ನೋಡಿದಳು. ಬಳಿಕ ತಾನೇ ತಿದ್ದಿ, 1ಕ್ಕಿಂತ ಹೆಚ್ಚು, 3ಕ್ಕಿಂತ ಕಡಿಮೆ ಎಂದು ಬರೆದಳು. ಅಕ್ಷದ ಕೆಳಗಿನ ಬಟ್ಟಲು ಮಾತ್ರ ಕೆಂಪೇರಿತು; ಅದರ ತಳ, ಎಕ್ಸ್ 2 ಆದಲ್ಲಿ, ಋಣ 1ಕ್ಕೆ ಇಳಿದಿತ್ತು.

“ಕೆಂಪು ಅಕ್ಷವನ್ನು ಮುಟ್ಟುತ್ತದೆಯೆ?” ಎಂದರು ತಾತ. ತೆರೆಯ ಮೇಲೆ ಮುಟ್ಟಿದಂತೆಯೇ ಕಾಣುತ್ತಿತ್ತು. ಅವಳು ಯೋಚಿಸಿ, “ಇಲ್ಲ ತಾತ, ಆ ತುದಿಗಳಲ್ಲಿ ಬೆಲೆ ಸೊನ್ನೆ, ಸೊನ್ನೆಗಿಂತ ಕಡಿಮೆಯಲ್ಲ” ಎಂದಳು. ಕಾಗದದ ಮೇಲೆ ನಕ್ಷೆಯನ್ನು ಬರೆದು ಎರಡು ತುದಿಗೂ ಟೊಳ್ಳು ವೃತ್ತಗಳನ್ನಿಟ್ಟಳು.

ಬಣ್ಣವನ್ನು ಯಂತ್ರ ಬಳಿಯಿತು. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಳಬೇಕಾದವಳು ಹುಡುಗಿಯೇ. ಉಪಾಧ್ಯಾಯರ ಕೈಯ ಸೀಮೆಸುಣ್ಣ ಆ ಎಲ್ಲೆಯನ್ನು ತಾನೇ ಗುರುತಿಸಿಬಿಡುತ್ತಿತ್ತು. ಶಿಷ್ಯರು ನೋಡಿ ತಲೆದೂಗುತ್ತಿದ್ದರು. ಹಿರಿಯರಿಗೆ ಅಂದು ಅದೇ ನೆನಪಾಗಿ, ತುಸು ನಾಚಿಕೆಯೂ ಆಯಿತಂತೆ. ಕಲಾ ವಿಭಾಗದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.