ಕೋವಿಯ ಕೇರಿಯಲ್ಲಿ

ಇಂಗ್ಲೆಂಡಿನ ನಡುನಾಡಿನಲ್ಲಿರುವ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಕೇವಲ ನೋಟಕ್ಕಾಗಿ ಹೋಗುವ ಪ್ರವಾಸಿಗರು ವಿರಳ. ಲಂಡನ್ನಿನ ವೈಭವವನ್ನು ಕಂಡು, ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರನ ಮನೆಗೆ ಕೈಮುಗಿದು ಬರುವವರು ಈ ಕೈಗಾರಿಕಾ ನಗರವನ್ನು ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವುದುಂಟು. ಆದರೆ ಸೇಂಟ್ ಚಾಡ್ ಕೆಥೆಡ್ರಲಿನ ಕೆಂಪಿಟ್ಟಿಗೆಯ ಗೋಪುರಗಳ ಸಮೀಪದಲ್ಲಿ, ಪ್ರೈಸ್ ಸ್ಟ್ರೀಟ್, ಲವ್‌ಡೇ ಸ್ಟ್ರೀಟ್ ಮೊದಲಾದ ಬೀದಿಗಳ ಸುತ್ತ ಹಬ್ಬಿದ ಹಳೆಯ ಕೇರಿಯೊಂದಿದೆ. ‘ಗನ್ ಕ್ವಾರ್ಟರ್’ ಎಂದು ಅದರ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಕೋವಿಯ ಕೇರಿ. ಭಾರತದ ಮತ್ತು ಆಫ್ರಿಕದ ಕಾಡುಗಳಲ್ಲಿ ಒಂದು ಕಾಲಕ್ಕೆ ಮೊಳಗಿದ ಬೇಟೆಯ ರೈಫಲುಗಳಲ್ಲಿ ಎಷ್ಟೋ ಈ ನಗರದಲ್ಲಿ ರೂಪುಗೊಂಡವು.

ಇಲ್ಲಿ ಒಂದು ಕೋವಿಯನ್ನು ಒಬ್ಬನೇ ಮಾಡುತ್ತಿರಲಿಲ್ಲ. ನಳಿಗೆ ಕೊರೆಯುವವನು ಒಂದು ಅಂಗಳದಲ್ಲಿ, ಕುದುರೆಯ ಕೀಲು ಜೋಡಿಸುವವನು ಇನ್ನೊಂದರಲ್ಲಿ, ಉಕ್ಕಿನ ಮೇಲೆ ಬಳ್ಳಿ ಬಿಡಿಸುವ ಕೆತ್ತನೆಗಾರನು ಮಗುದೊಂದು ಅಟ್ಟದ ಮೇಲೆ. ಅರೆಮುಗಿದ ಭಾಗಗಳು ಬೀದಿಯಿಂದ ಬೀದಿಗೆ ಕೈಯಿಂದ ಕೈಗೆ ಸಾಗುತ್ತಿದ್ದವು. ನಗರದ ಇನ್ನೊಂದು ಬದಿಯಲ್ಲಿ, 1813ರಲ್ಲಿ ಶಾಸನಬದ್ಧವಾಗಿ ಸ್ಥಾಪಿತವಾದ ಪ್ರೂಫ್ ಹೌಸ್ ಎಂಬ ಪರೀಕ್ಷಾಲಯವಿದೆ. ವಾಡಿಕೆಗಿಂತ ಹೆಚ್ಚು ಒತ್ತಡದ ಮದ್ದನ್ನು ಸಿಡಿಸಿ, ಅದನ್ನು ತಾಳಿಕೊಂಡ ನಳಿಗೆಗೆ ಮುದ್ರೆಯೊತ್ತುವುದು ಅಲ್ಲಿನ ಕಾರ್ಯ. ಅದು ಇಂದಿಗೂ ನಡೆದಿದೆ.

ಉಕ್ಕನ್ನು ಪರೀಕ್ಷಿಸಬಹುದು, ಆದರೆ ಕೋವಿಯ ಅಂದವನ್ನು ನಿರ್ಣಯಿಸುವುದು ಅದರ ಮರದ ಹಿಡಿ. ಅದಕ್ಕೆ ಅಕ್ರೋಟು ಮರವೇ ಬೇಕು. ಈ ಮರ ಹಗುರ, ಗಟ್ಟಿ. ಉಕ್ಕನ್ನು ಕೂದಲೆಳೆಯಷ್ಟೂ ಬಿರುಕಿಲ್ಲದಂತೆ ತನ್ನೊಳಗೆ ಕೂರಿಸಿಕೊಳ್ಳುವ ಗುಣ ಅದಕ್ಕುಂಟು. ಹಿಂದೆ ಫ್ರಾನ್ಸಿನಿಂದಲೂ ಅನಂತರ ಹೆಚ್ಚಾಗಿ ತುರ್ಕಿಯಿಂದಲೂ ಅದು ಬಂದಿತು. ಎಳೆಯ ಮರದಲ್ಲಿ ಬಣ್ಣವಿರದು. ಶತಮಾನ ಕಂಡ ಮರದ, ಬೇರು ಕಾಂಡ ಕೂಡುವ ಬುಡದಲ್ಲಿ ಮಾತ್ರ ಜೇನಿನ ಬಣ್ಣದ ಮೇಲೆ ಕಪ್ಪು ಹೊಗೆಯಾಡಿದಂತಹ ಗೆರೆಗಳು ಮೂಡುತ್ತವೆ. ಸೀಳಿದ ಹಲಗೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಬೇಕು. ಬಲ್ಲವನು ಚಿತ್ತಾರಕ್ಕೆ ಮಾತ್ರ ಮರುಳಾಗುವುದಿಲ್ಲ. ಕೈ ಹಿಡಿಯುವ ತೆಳುವಾದ ಕೊರಳಿನಲ್ಲಿ ಎಳೆಗಳು ನೇರವಾಗಿ ಓಡಬೇಕು, ಇಲ್ಲದಿದ್ದರೆ ಹಿಮ್ಮುಖದ ಒದೆತಕ್ಕೆ ಮರ ಸೀಳೀತು. ಚಿತ್ತಾರವೆಲ್ಲ ಹೆಗಲಿಗೊರಗುವ ಅಗಲ ಭಾಗದಲ್ಲಿರಬೇಕು. ಕೊನೆಗೆ ಅಗಸೆ ಎಣ್ಣೆಯಲ್ಲಿ ಆಲ್ಕನೆಟ್ ಎಂಬ ಕೆಂಪು ಬೇರನ್ನು ನೆನೆಯಿಟ್ಟು, ಅಂಗೈಯಿಂದ ದಿನದಿನವೂ ತಿಕ್ಕುತ್ತಾರೆ. ಕಾಶ್ಮೀರದ ಅಡಿಗೆಗೆ ಕೆಂಪೇರಿಸುವ ರತನ್‌ಜೋತ್ ಈ ಬೇರಿನ ಬಂಧುವೇ. ಹೀಗೆ ಸಿದ್ಧವಾದ ಎರಡು ಹಿಡಿಗಳು ಎಂದೂ ಒಂದರಂತೊಂದು ಇರುವುದಿಲ್ಲ. ಅದೇ ಅವುಗಳ ಬೆಲೆ.

ಮರಕ್ಕೆ ಭೂಷಣವಾದ ಈ ಅನನ್ಯತೆಯೇ ತೋಟಾಗಳಿಗೆ ಶಾಪವಾದುದು ವಿಧಿಯ ವಿನೋದ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ದೊಡ್ಡ ಬೇಟೆಗೆ .450 ಅಳತೆಯ ರೈಫಲು ಪ್ರಸಿದ್ಧವಾಗಿತ್ತು. ಎಂದರೆ ಅಂಗುಲದ ಸಾವಿರದಲ್ಲಿ 450 ಭಾಗ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಯ ಅಳತೆಯೂ ಅದೇ. ಬಂಡಾಯಗಾರರ ಕೈಗೆ ಮದ್ದುಗುಂಡು ಸೇರೀತೆಂಬ ಭಯದಿಂದ ಬ್ರಿಟಿಷ್ ಸರ್ಕಾರ 1907ರಲ್ಲಿ ಆ ಅಳತೆಯ ಕೋವಿ, ತೋಟಾಗಳನ್ನು ಭಾರತಕ್ಕೂ ಸೂಡಾನಿಗೂ ತರಕೂಡದೆಂದು ನಿಷೇಧಿಸಿತು. ಕೋವಿಗಾರರು ಸುಮ್ಮನಿರಲಿಲ್ಲ. ಹಾಲೆಂಡ್ ಸಂಸ್ಥೆ .465, ವೆಸ್ಟ್‌ಲಿ ರಿಚರ್ಡ್ಸ್ .476, ಜೋಸೆಫ್ ಲ್ಯಾಂಗ್ .470, ಹೀಗೆ ಒಬ್ಬೊಬ್ಬರೂ ತಮ್ಮದೇ ಅಳತೆಯನ್ನು ಹುಟ್ಟಿಸಿದರು. ಒಬ್ಬರ ತೋಟಾ ಇನ್ನೊಬ್ಬರ ಕೋವಿಗೆ ಸಲ್ಲದು. ಅದೂ ಸಾಲದೆಂಬಂತೆ, ಜೋಡಿ ನಳಿಗೆಯ ರೈಫಲಿನಲ್ಲಿ ಎರಡೂ ಗುಂಡುಗಳು ಒಂದೇ ಗುರಿಯನ್ನು ಮುಟ್ಟುವಂತೆ, ಒಂದು ನಿಶ್ಚಿತ ತೋಟಾವನ್ನು ಹಾರಿಸಿ ನೋಡಿ ನೋಡಿ ನಳಿಗೆಗಳನ್ನು ಬೆಸೆಯುತ್ತಿದ್ದರು. ಮದ್ದು ಬದಲಾದರೆ ಗುರಿಯೂ ಚದುರಿತು.

ಇಷ್ಟು ಬಗೆಯ ಕೋವಿಗಳಿಗೆ ಬಹುಮಟ್ಟಿಗೆ ಆಹಾರ ಒದಗಿಸುತ್ತಿದ್ದುದು ಅದೇ ನಗರದ ವಿಟನ್ ಬಡಾವಣೆಯಲ್ಲಿದ್ದ ಕೈನಾಕ್ ಕಾರ್ಖಾನೆ. ಸಾಮ್ರಾಜ್ಯ ಕರಗಿತು, ಬೇಟೆ ಕುಗ್ಗಿತು. 1970ರ ಹೊತ್ತಿಗೆ ಕಾರ್ಖಾನೆ ದೊಡ್ಡ ಬೇಟೆಯ ತೋಟಾಗಳನ್ನು ನಿಲ್ಲಿಸಿತು. ಅದಕ್ಕೆ ಮುಂಚೆಯೇ 1960ರ ದಶಕದಲ್ಲಿ ನಗರದ ವರ್ತುಲ ರಸ್ತೆಗಾಗಿ ಕೇರಿಯ ಬಹುಭಾಗ ನೆಲಸಮವಾಗಿತ್ತು. ಶತಮಾನದ ಮರವನ್ನು ತೊಟ್ಟ ಕೋವಿ, ಒಂದು ಯಂತ್ರದ ಸದ್ದು ನಿಂತೊಡನೆ, ಗೋಡೆಯ ಅಲಂಕಾರವಾಯಿತು. ಹಳದಿ ಕೆಂಪು ಬಣ್ಣದ ಹಳೆಯ ತೋಟಾ ಪೆಟ್ಟಿಗೆಗಳು ಸಂಗ್ರಾಹಕರ ಪಾಲಾದವು.

ಕನ್ನಡ ನಾಡಿನ ಕಾಡುಗಳ ಕಥೆ ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ನೆಚ್ಚಿದ್ದ ಅಮೆರಿಕದ .405 ವಿಂಚೆಸ್ಟರಿಗೂ ಇದೇ ಗತಿಯೊದಗಿತು. ಅದರ ತೋಟಾ ದಶಕಗಳ ಕಾಲ ಕಾರ್ಖಾನೆಯಿಂದ ಹೊರಬೀಳಲೇ ಇಲ್ಲ. ಇತ್ತ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನ ಷಿಕಾರಿಗೆ ತೆರೆಯೆಳೆಯಿತು. ಹುಲಿ, ಆನೆಗಳ ದೃಷ್ಟಿಯಿಂದ ನೋಡಿದರೆ, ತೋಟಾ ದೊರಕದಿದ್ದುದು ದುಃಖದ ಸಂಗತಿಯೇನೂ ಅಲ್ಲ. ಆ ಕೋವಿಗಳ ಸೌಂದರ್ಯವನ್ನು ಮೆಚ್ಚುವವನು ಅವುಗಳ ಕೆಲಸವನ್ನು ಮರೆಯಬಾರದು.

1990ರ ದಶಕದಿಂದೀಚೆಗೆ ಇಂಗ್ಲೆಂಡಿನ ಸಫೋಕಿನಲ್ಲಿ ಸಣ್ಣ ಸಂಸ್ಥೆಯೊಂದು ಕೈನಾಕ್ ಹೆಸರಿನಲ್ಲೇ ಹಳೆಯ ಅಳತೆಗಳ ತೋಟಾಗಳನ್ನು ಮತ್ತೆ ತಯಾರಿಸುತ್ತಿದೆ. ದೊರಕುವುದು ಕೆಲವು, ಬೆಲೆಯೂ ದುಬಾರಿ. ಅವುಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವುದು .470. ಕಾರಣ ಸರಳವಾದುದು: ಲ್ಯಾಂಗ್ ಸಂಸ್ಥೆ ಅದನ್ನು ತನ್ನೊಂದರದೇ ಸೊತ್ತೆಂದು ಬಚ್ಚಿಡದೆ ಎಲ್ಲ ಕೋವಿಗಾರರಿಗೂ ಬಿಟ್ಟುಕೊಟ್ಟಿತ್ತು. ತನ್ನದೆಂದು ಕಾಪಾಡಿದ ಅಳತೆಗಳು ಅನಾಥವಾದವು, ಹಂಚಿಕೊಂಡದ್ದು ಬದುಕಿತು.

ಕೋವಿಯ ಕೇರಿಯಲ್ಲಿ ಈಗ ಹೆಚ್ಚಿನ ಸದ್ದಿಲ್ಲ. 1812ರಲ್ಲಿ ಆರಂಭವಾದ ವೆಸ್ಟ್‌ಲಿ ರಿಚರ್ಡ್ಸ್ ಇನ್ನೂ ನಗರವನ್ನು ಬಿಟ್ಟಿಲ್ಲ. ಅಲ್ಲಿನ ಕುಶಲಕರ್ಮಿಗಳು ಇಂದಿಗೂ ಅಕ್ರೋಟಿನ ಹಲಗೆಯನ್ನು ಬೆಳಕಿಗೆ ತಿರುಗಿಸಿ, ಅದರ ಎಳೆ ಓಡುವ ದಾರಿಯನ್ನು ನೋಡಿ, ಆಮೇಲೆಯೇ ಉಳಿಯನ್ನು ಕೈಗೆತ್ತಿಕೊಳ್ಳುತ್ತಾರೆ.