ಮೀಟರಿನ ಕೆಂಪು ಮಿಣುಕು

ರಾಯಬಾಗ ತಾಲೂಕಿನ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೊಬ್ಬಳು ಭಾನುವಾರ ಬೆಳಿಗ್ಗೆ ಗಡಿಯಾರ ಹಿಡಿದು ಮನೆಯ ಕರೆಂಟು ಮೀಟರಿನ ಮುಂದೆ ನಿಂತುಬಿಟ್ಟಳು. ಮೀಟರಿನಲ್ಲಿ ಪುಟ್ಟ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಅದು 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತೆಂದು ಅವರ ಮೀಟರಿನ ಮೇಲೆಯೇ ಅಚ್ಚಾಗಿದೆ.

ಉಳಿದೆಲ್ಲ ಆರಿಸಿ ಪಡಸಾಲೆಯ ಹಳೆಯ ಫ್ಯಾನು ಮಾತ್ರ ಹಚ್ಚಿದಳು. ನಿಮಿಷಕ್ಕೆ 4 ಮಿಣುಕು. ಅಂದರೆ 75 ವ್ಯಾಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು ನಿಮಿಷಕ್ಕೊಮ್ಮೆ ಮಿಣುಕಿಸಿತು. ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ ಹಚ್ಚಿದಾಗ ಎಣಿಸುವುದೇ ಕಷ್ಟ: ನಿಮಿಷಕ್ಕೆ 80! ಒಂದು ಬಕೆಟ್ ನೀರಿಗೆ ಕಾಲು ಗಂಟೆ ಸಾಕು. ಮರೆತು ಅರ್ಧ ಗಂಟೆ ಬಿಟ್ಟರೆ ಮುಕ್ಕಾಲು ಯೂನಿಟ್ ಹೋಯಿತು. ಅಷ್ಟರಲ್ಲಿ ಆ ಫ್ಯಾನು ಹತ್ತು ಗಂಟೆ ತಿರುಗುತ್ತದೆ.

ಅಪ್ಪ ನಕ್ಕ. "ಬಿಲ್ಲು ಸೊನ್ನಿ ಬರತೈತಿ. ಸುಮ್ನ ಯಾಕ ಎಣಸ್ತಿ ಅವ್ವಾ?"

ಆತನ ಮಾತೂ ಸುಳ್ಳಲ್ಲ. 2023ರ ಜುಲೈನಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, ಹೆಚ್ಚೆಂದರೆ 200 ಯೂನಿಟ್‌ವರೆಗೆ ಮನೆಗೆ ಬಿಲ್ಲಿಲ್ಲ. ಆದರೆ ಮಗಳ ಲೆಕ್ಕ ಬೇರೆಯಿತ್ತು.

"ಕಾಕಾ ಕಬ್ಬಿಗೆ ನೀರ ಬಿಡಾಕ ನಡುರಾತ್ರ್ಯಾಗ ಹೊಂಟ್ರ, ಹಾವು-ಹುಳ ಅಂತ ಆಯಿ ನಿದ್ದಿ ಮಾಡಂಗಿಲ್ಲ. ಆ ಕರೆಂಟೂ ಇದ ಅಲ್ಲೇನಪ್ಪಾ?"

ಅಪ್ಪ ಸುಮ್ಮನಾದ. ಹೊಲದ ಪಂಪಿಗೆ ಮೂರು ಫೇಸಿನ ಕರೆಂಟು ಬರುವುದು ಪಾಳಿಯ ಮೇಲೆ. ಒಂದು ಮನೆಯ ಫ್ಯಾನು ಆರಿಸಿದರೆ ಕಾಕಾನ ಪಾಳಿ ಹಗಲಿಗೆ ಬರುವುದಿಲ್ಲ; ಅದು ಆಕೆಗೂ ಗೊತ್ತು. ಆದರೂ ಇಲ್ಲಿ ಸುಮ್ಮನೆ ಸುರಿದದ್ದು ಎಲ್ಲೋ ಒಬ್ಬರ ಪಾಲಿನದೇ.

ಉಳಿತಾಯವೆಂದರೆ ಕತ್ತಲಲ್ಲಿ ಕೂರುವುದಲ್ಲ, ಸೆಕೆಯಲ್ಲಿ ಬೇಯುವುದೂ ಅಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಕಡೆಯ ಹಳೆಯ ಮನೆಗಳಿಗೆ ಕಾಲಿಟ್ಟವರಿಗೆ ಇದು ತಿಳಿದೀತು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಏಪ್ರಿಲ್ ಮಧ್ಯಾಹ್ನವೂ ಒಳಗೆ ತಂಪು. ಈಗಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಮನೆಯೊಳಗೆ ಉಗುಳುತ್ತದೆ. "ಮ್ಯಾಲ ಸುಣ್ಣಾ ಬಳೀರಿ" ಎಂದಳು ಆಯಿ. ಬಳಿದರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆ ರಾತ್ರಿ ಸ್ಲ್ಯಾಬಿನ ಕಾವು ಮೊದಲಿನಷ್ಟು ಇರಲಿಲ್ಲ.

ಹಳೆಯ ಫ್ಯಾನು ಕೆಟ್ಟಾಗ ಅಪ್ಪ ಈ ಸಲ ನಕ್ಷತ್ರ ಎಣಿಸಿ ತಂದ. ಸೀಲಿಂಗ್ ಫ್ಯಾನಿಗೆ ನಕ್ಷತ್ರದ ಚೀಟಿ 2023ರಿಂದ ಕಡ್ಡಾಯವಾಗಿದೆ. ಬಿಎಲ್‌ಡಿಸಿ ಮೋಟಾರಿನ ಈ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ಬೆಲೆ ಹೆಚ್ಚು, ಗಾಳಿ ಅಷ್ಟೇ; ಮಿಣುಕು ಮಾತ್ರ ಐದು ನಿಮಿಷಕ್ಕೆ 20ರ ಬದಲು 8.

ಮರುದಿನ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತು. ಮಕ್ಕಳೆಲ್ಲ ಅಂಗಳದಲ್ಲಿ, ಖಾಲಿ ಕೋಣೆಗಳಲ್ಲಿ 16 ಫ್ಯಾನುಗಳು ಕುರ್ಚಿ-ಬೆಂಚುಗಳಿಗೆ ಗಾಳಿ ಹಾಕುತ್ತಿದ್ದವು. ಗಂಟೆಗೆ 1.2 ಯೂನಿಟ್. ಮನೆಯಲ್ಲಿ ಅವ್ವ ಬೈಯುತ್ತಾಳೆ; ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಬೈಯುವವರು ಯಾರು? ಎಲ್ಲರದಾದ ಸ್ವಿಚ್ಚು ಯಾರದೂ ಅಲ್ಲ.

ಹುಡುಗಿ ಮೇಷ್ಟ್ರಿಗೆ ಹೇಳಿದಳು. ಅಂದಿನಿಂದ ವಾರಕ್ಕೊಬ್ಬರಂತೆ ಕೊನೆಗೆ ಹೊರಬರುವವರ ಪಾಳಿ ಶುರುವಾಯಿತು. ಮೊದಲ ವಾರದ ಪಾಳಿ ಆಕೆಯದೇ. ಎಲ್ಲ ಆರಿಸಿ ಪ್ರಾರ್ಥನೆಗೆ ಓಡುವಾಗ ಒಮ್ಮೆ ಮೀಟರಿನತ್ತ ನೋಡಿದಳು. ಕೆಂಪು ದೀಪ ಸುಮ್ಮನಿತ್ತು.