ಗಾಯ ಕಂಡಾಗ ಮೊದಲು ಆಡಬೇಕಾದ ಮಾತು

ಕಳೆದ ವರ್ಷದ ರಮಝಾನ್‌ನ ಒಂದು ಸಂಜೆ. ಖರ್ಜೂರ, ನೀರಿನಿಂದ ಉಪವಾಸ ತೊರೆದು ಎಲ್ಲರೂ ಮಗ್ರಿಬ್ ನಮಾಝ್‌ಗೆ ಸಿದ್ಧರಾಗುತ್ತಿದ್ದೆವು. ಪಿಯುಸಿ ಓದುತ್ತಿದ್ದ ನನ್ನ ತಂಗಿಯ ಮಗಳು ಕೆಲವು ತಿಂಗಳಿಂದ ಬಚ್ಚಲಿನ ಬಾಗಿಲು ಹಾಕಿಕೊಂಡೇ ವುಝೂ ಮಾಡುತ್ತಿದ್ದಳು. ಅಂದು ಅವಸರದಲ್ಲಿ ಹಿತ್ತಲ ನಲ್ಲಿಯ ಬಳಿ ತೋಳು ಮಡಚಿದಳು. ಮೊಣಕೈ ಕೆಳಗಿನ ಗಾಯದ ಗುರುತುಗಳು ನನ್ನ ಕಣ್ಣಿಗೆ ಬಿದ್ದವು. ಅವು ಆಕಸ್ಮಿಕವಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಮಾಝ್ ಮುಗಿದೊಡನೆ ಅವಳನ್ನು ಕೋಣೆಗೆ ಕರೆದೆ. ದೇಹವು ಅಲ್ಲಾಹನ ಅಮಾನತ್, ಅದಕ್ಕೆ ಹಾನಿ ಮಾಡುವುದು ಹರಾಮ್ ಎಂದೆ. ಈಮಾನ್ ಗಟ್ಟಿಯಾಗಿದ್ದರೆ ಹೀಗಾಗುತ್ತಿತ್ತೇ ಎಂದೂ ಕೇಳಿಬಿಟ್ಟೆ. ಅವಳು ತಲೆ ತಗ್ಗಿಸಿಯೇ ಎಲ್ಲವನ್ನೂ ಕೇಳಿ, "ಆಯ್ತು ಖಾಲಾ" ಎಂದು ಎದ್ದುಹೋದಳು. ಮರುದಿನದಿಂದ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದಳು.

ಪರಿಚಯದ ಮನೋವೈದ್ಯೆಯೊಬ್ಬರನ್ನು ಕಂಡು ನಡೆದುದನ್ನು ತಿಳಿಸಿದೆ. ಹೀಗೆ ಮಾಡಿಕೊಳ್ಳುವ ಅನೇಕರಿಗೆ ಸಾಯುವ ಉದ್ದೇಶವಿರುವುದಿಲ್ಲ. ಸಹಿಸಲಾಗದ ದುಃಖವೋ ಶೂನ್ಯಭಾವವೋ ಕ್ಷಣಕಾಲ ತಗ್ಗಿದಂತೆನಿಸುತ್ತದೆ, ಬಳಿಕ ನಾಚಿಕೆ ಮುತ್ತುತ್ತದೆ, ಆ ನಾಚಿಕೆಯೇ ಮತ್ತೆ ನೋವನ್ನು ಹೆಚ್ಚಿಸುತ್ತದೆ ಎಂದು ಅವರು ವಿವರಿಸಿದರು. ಹಾಗೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ, ಮುಂದೆ ಪ್ರಾಣಾಪಾಯದ ಸಾಧ್ಯತೆ ಇಂತಹವರಲ್ಲಿ ಹೆಚ್ಚು ಎಂದೂ ಎಚ್ಚರಿಸಿದರು. ನನ್ನ ಉಪದೇಶವು ಅವಳ ನಾಚಿಕೆಯ ಹೊರೆಯನ್ನೇ ಹೆಚ್ಚಿಸಿತ್ತು.

ನಾನೇ ಅವಳ ಮನೆಗೆ ಹೋದೆ. "ಅಂದು ನಾನು ತಪ್ಪು ಮಾಡಿದೆ ಮಗಳೇ. ನಿನಗೆ ಏನು ನೋಯುತ್ತಿದೆ ಎಂದು ಕೇಳಲೇ ಇಲ್ಲ" ಎಂದೆ. ಬಹಳ ಹೊತ್ತಿನ ಮೇಲೆ ಅವಳು ಮಾತನಾಡಿದಳು. ಎರಡು ವರ್ಷಗಳ ಹಿಂದೆ ಅವಳ ತಂದೆ ದಮ್ಮಾಮ್‌ನಲ್ಲಿ ನಿಧನರಾಗಿದ್ದರು. ದಫನವೂ ಅಲ್ಲಿಯೇ ಆಯಿತು. "ಅಬ್ಬಾನ ಮುಖವನ್ನೂ ನೋಡಲಿಲ್ಲ ಖಾಲಾ. ಅಳಲು ಕೂತರೆ ಎಲ್ಲರೂ ಸಬ್ರ್ ಮಾಡು ಅಂದರು. ಈಗ ದುಆ ಮಾಡಲೂ ಭಯ. ನನ್ನಂಥವಳ ದುಆ ಅಲ್ಲಾಹನು ಕೇಳುತ್ತಾನಾ?"

ಆ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ಹರಾಮ್ ಎಂಬ ವಿಧಿಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಅವಳಿಗೂ ಗೊತ್ತಿತ್ತು. ನಾವು ಅವಳಿಗೆ ಹೇಳದೆ ಹೋದದ್ದು ಬೇರೆಯೇ ಇತ್ತು. ಸಬ್ರ್‌ಗೆ ಮಾದರಿಯಾದ ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯಲ್ಲಿ ಕಣ್ಣುಗಳು ಬೆಳ್ಳಗಾಗುವವರೆಗೂ ದುಃಖಿಸಿದರೆಂದು ಪವಿತ್ರ ಕುರ್‌ಆನ್‌ನ ಯೂಸುಫ್ ಅಧ್ಯಾಯ ತಿಳಿಸುತ್ತದೆ. ಪುಟ್ಟ ಮಗ ಇಬ್ರಾಹೀಮ್‌ರ ಮರಣವೇಳೆ ಪ್ರವಾದಿವರ್ಯರ(ಸ) ಕಣ್ಣುಗಳೂ ತುಂಬಿ ಬಂದಿದ್ದವು. ಕಣ್ಣೀರನ್ನು ತಡೆಯುವುದು ಸಬ್ರ್ ಎಂದು ಆ ಮಗುವಿಗೆ ಕಲಿಸಿದವರು ನಾವು.

ಅವಳಿಗೆ ತಿಳಿಸಿಯೇ ಅವಳ ತಾಯಿಗೆ ವಿಷಯ ಹೇಳಿದೆವು, ಚಿಕಿತ್ಸೆ ಆರಂಭವಾಯಿತು. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯದೊಂದಿಗೆ ಮನಸ್ಸಿನ ಆರೋಗ್ಯವನ್ನೂ ಸೇರಿಸಿ ಒಂದೇ ಗ್ರಂಥ ರಚಿಸಿದ್ದರು.

ನಿಮ್ಮ ಮನೆಯಲ್ಲಿ ಇಂತಹ ಗಾಯ ಕಂಡರೆ ಬೈಯಬೇಡಿ, ಕಿರಿಚಬೇಡಿ. ಗಾಯಕ್ಕೆ ಆರೈಕೆ ಮಾಡಿ, ಬಳಿಯಲ್ಲಿ ಕುಳಿತುಕೊಳ್ಳಿ. ಇನ್ನು ಮಾಡುವುದಿಲ್ಲವೆಂದು ಆಣೆ ಹಾಕಿಸಬೇಡಿ; ಆಣೆ ಮುರಿದಾಗ ಅವರು ಮತ್ತಷ್ಟು ಬಚ್ಚಿಡುತ್ತಾರೆ. ಬಂಧುಬಳಗದ ಮಾತಿಗೆ ವಸ್ತುವಾಗಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಸಂಪೂರ್ಣ ಗುಣವಾಯಿತೆಂದು ಹೇಳಲಾರೆ. ನಡುವೆ ಒಮ್ಮೆ ಮತ್ತೆ ಹಾಗೆಯೇ ಆಯಿತು. ಆದರೆ ಆ ರಾತ್ರಿ ಅವಳು ಬಾಗಿಲು ಹಾಕಿಕೊಂಡು ಕೂರಲಿಲ್ಲ, ನನಗೆ ಫೋನ್ ಮಾಡಿದಳು. ನಾನು ಏನನ್ನೂ ಬೋಧಿಸದೆ ಫಜ್ರ್‌ವರೆಗೂ ಅವಳ ಜೊತೆಗಿದ್ದೆ.

ನಮ್ಮ ಮಕ್ಕಳು ನೋವನ್ನು ನಮ್ಮಿಂದ ಬಚ್ಚಿಡಬೇಕಾಗದಂತಹ ಹೃದಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.